ಲಾರಿ ಅಂಗಡಿಯ ಗಾಳಿ

ಕಳೆದ ತಿಂಗಳು ಯಲ್ಲಾಪುರದ ಸೈಕಲ್ ಅಂಗಡಿಯಲ್ಲಿ ಹಿಂದಿನ ಟೈರು ಬದಲಿಸಲು ಕೊಟ್ಟು ಸ್ಟೂಲಿನ ಮೇಲೆ ಕುಳಿತಿದ್ದೆ. ಅಂಗಡಿಯವನು ಹೊಸ ಟೈರನ್ನು ರಿಮ್ಮಿಗೆ ಕೂರಿಸಿ, ಬಾಟಲಿಯಿಂದ ಹಾಲಿನಂಥ ದ್ರವವನ್ನು ಒಳಗೆ ಸುರಿದ. ಟ್ಯೂಬಿಲ್ಲದ ಟೈರಿಗೆ ಹಾಕುವ ಸೀಲೆಂಟು ಅದು. ಮುಳ್ಳು ಚುಚ್ಚಿದರೆ ತೂತಿನಲ್ಲೇ ಹೆಪ್ಪುಗಟ್ಟಿ ಗಾಳಿ ಹೋಗದಂತೆ ತಡೆಯುತ್ತದೆ. ಹಸಿ ರಬ್ಬರು ಮತ್ತು ಅಮೋನಿಯಾ ಸೇರಿದಂಥ ಅದರ ವಾಸನೆ ಮೂಗಿಗೆ ಏರಿತು. ಎದುರಿನ ಹೆದ್ದಾರಿಯಲ್ಲಿ ಅಂಕೋಲಾ ಕಡೆ ಇಳಿಯುವ ಲಾರಿಗಳು ಚಹಾಕ್ಕೆ ನಿಂತಿದ್ದವು. ಆ ವಾಸನೆ, ಆ ಲಾರಿ ಎರಡೂ ಒಟ್ಟಿಗೆ ಸಿಕ್ಕಿದ್ದರಿಂದಲೋ ಏನೋ, ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗಿನ ಸೈಕಲ್ಲಿನ ವರ್ಷ ಇಡಿಯಾಗಿ ಕಣ್ಣ ಮುಂದೆ ಬಂತು.

ನಾನೀಗ ಈ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ನಮ್ಮ ಮನೆಯಲ್ಲಿ, ನಮ್ಮ ನೆಂಟರಿಷ್ಟರಲ್ಲಿ, ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಸುಮ್ಮನೆ ಸಿಕ್ಕಿದ್ದಲ್ಲ, ಹಾಗಾಗಿ ಸಂಕೋಚವಿಲ್ಲ.

ನಮ್ಮೂರು ಸಿದ್ದಾಪುರ ತಾಲೂಕಿನ ಹೇರೂರಿನಿಂದ ಒಳಗೆ. ಅಪ್ಪನಿಗೆ ಸ್ವಲ್ಪ ಗದ್ದೆ ಇತ್ತು, ಅದರ ಜೊತೆಗೆ ಬಾಳೆಗೊನೆಯ ಕೆಲಸ. ಸುತ್ತಲಿನ ತೋಟಗಳಲ್ಲಿ ಗೊನೆ ಕೊಂಡು, ಸೈಕಲ್ಲಿನ ಕ್ಯಾರಿಯರಿಗೆ ಎರಡೂ ಬದಿಗೆ ಜೋತು ಬಿಟ್ಟು, ಸಿದ್ದಾಪುರದ ಪೇಟೆಗೆ ಒಯ್ಯುತ್ತಿದ್ದ. ಏರಿನಲ್ಲಿ ತಳ್ಳುವುದು, ಇಳುಕಲಿನಲ್ಲಿ ಹತ್ತುವುದು. ಅಷ್ಟು ಭಾರ ಹೊರುವ ಸೈಕಲ್ಲಿಗೆ ಗಾಳಿ ಗಟ್ಟಿ ಇರಲೇಬೇಕು. "ಹೆಬ್ಬೆಟ್ಟಲ್ಲಿ ಒತ್ತಿದ್ರೆ ಬೆಟ್ಟೇ ವಾಪಸ್ ಬರ್ಬೇಕು, ಟೈರು ಒಳಗೆ ಹೋಗೂಕಾಗ. ಗಾಳಿ ಕಮ್ಮಿ ಇದ್ರೆ ರಿಮ್ಮು ಟ್ಯೂಬಿಗೆ ಕಚ್ತದೆ," ಎನ್ನುತ್ತಿದ್ದ. ಇದು ಅವನಿಗೆ ಕಲ್ಲಿನ ಮೇಲೆ ಬರೆದಂಥ ಮಾತು.

ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ದೇವರಿಗೆ ದೀಪ ಹಚ್ಚಿ, ಮೊಸರು ಸಕ್ಕರೆ ಕೈಗೆ ಹಾಕಿ ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಅದು ಅಮ್ಮನ ಪಾಲಿನದು. ಅಪ್ಪ ಕಳಿಸುತ್ತಿದ್ದದ್ದು ಗಾಳಿ ಹಾಕಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಪ್ರತಿ ಬೆಳಿಗ್ಗೆ ನಾನು ಎಚ್ಚರವಾಗುತ್ತಿದ್ದದ್ದು ಅಂಗಳದಲ್ಲಿ ಪಂಪು ಹೊಡೆಯುವ ಸದ್ದಿಗೆ. ಪಿಯುಸಿಯಲ್ಲೂ ಹಾಗೇ. ಪ್ರಶ್ನೆಪತ್ರಿಕೆಯಲ್ಲಿ ಏನಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾನು ದಾರಿಯಲ್ಲಿ ಮಾತ್ರ ನಿಲ್ಲಬಾರದು, ಅಷ್ಟೇ ಅವನ ಲೆಕ್ಕ.

ಕಾಲೇಜು ಬಸ್ಸಿಗೆಂದು ನಾನು ಲೇಡೀಸ್ ಸೈಕಲ್ ತುಳಿದು ಮುಖ್ಯರಸ್ತೆಗೆ ಬರುತ್ತಿದ್ದೆ. ಆ ದಾರಿಯಲ್ಲಿ ಒಂದು ಉದ್ದದ ಏರು ಇದೆ, ಗಂಡುಹುಡುಗರೂ ಇಳಿದು ತಳ್ಳುತ್ತಾರೆ. ನಾನು ತಳ್ಳುತ್ತಿರಲಿಲ್ಲ. ಬಸ್ಸು ತಪ್ಪಿದರೆ ಮೊದಲ ತರಗತಿ ತಪ್ಪುತ್ತಿತ್ತು, ಕಾರಣ ಅಷ್ಟೇ. ಇದನ್ನು ಗಮನಿಸಿದವರು ಹೇರೂರಿನ ಶ್ರೀಧರಣ್ಣ. ಅಮ್ಮ ಅಡಿಕೆ ಸುಗ್ಗಿಯಲ್ಲಿ ಅವರ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವರಿಗೆ ಒಂದು ವರ್ಷ ಸೈಕಲ್ಲಿನ ಮರುಳು ಹಿಡಿದು, ಟ್ಯೂಬಿಲ್ಲದ ದಪ್ಪ ಟೈರಿನ, ಮುಂದೆ ಶಾಕ್‌ಅಬ್ಸಾರ್ಬರ್ ಇರುವ ಮೌಂಟನ್ ಬೈಕು ತರಿಸಿಕೊಂಡಿದ್ದರು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲೆಲ್ಲ ಓಡಿಸಿದ್ದರು. ಮರುವರ್ಷವೇ ಬೆನ್ನಿನ ಡಿಸ್ಕು ಜಾರಿ ಮಲಗಿದರು.

ಜೂನ್ ತಿಂಗಳ ಒಂದು ಸಂಜೆ ನನ್ನನ್ನು ನಿಲ್ಲಿಸಿ ಕೇಳಿದರು. "ವೇಣಿ, ಈ ಗಾಡಿ ಓಡಿಸ್ತ್ಯಾ? ಡಿಸೆಂಬರಿನಲ್ಲಿ ಯಲ್ಲಾಪುರದಲ್ಲಿ ಜಿಲ್ಲಾ ತಂಡದ ಆಯ್ಕೆ ಉಂಟಂತೆ. ಹೆಣ್ಣುಮಕ್ಕಳು ಬರೂದೇ ಕಮ್ಮಿ."

ಒಳಗಿಂದ ಅವರ ಹೆಂಡತಿ ಸಾವಿತ್ರಕ್ಕ ಹೇಳಿದರು, "ತಗಂಡು ಹೋಗೇ ತಂಗಿ. ಯಂಗಳ ಮನೆಯವಕ್ಕೆ ಬೆನ್ನು ಉಳಿದಿದ್ದೇ ಸಾಕಾಯ್ದು."

"ಆನು ಇನ್ನು ಹತ್ತತ್ನಿಲ್ಲೆ ಮಾರಾಯ್ತಿ, ಎಷ್ಟು ಸಲ ಹೇಳದು?" ಎಂದರು ಶ್ರೀಧರಣ್ಣ.

"ಹತ್ತೂದಿಲ್ಲೆ ಹೇಳಿ ನೀವು ಹೇಳಿದ್ದು. ಕೊಟ್ಟಿಗೆಗೆ ಹೋಗಿ ದಿನಾ ಅದನ್ನ ಒರೆಸ್ತಾ ಕೂರದು ಯಾರು ಹಾಗಾದ್ರೆ?"

ನನಗೆ ಕಿವಿ ನೆಟ್ಟಗಾದದ್ದು ಸೈಕಲ್ಲಿಗಲ್ಲ, ಜಿಲ್ಲಾ ತಂಡ ಎಂಬ ಮಾತಿಗೆ. ನನಗೆ ಬಿ.ಪಿ.ಎಡ್. ಮಾಡಬೇಕಿತ್ತು. ಪಿ.ಟಿ. ಟೀಚರ್ ಆಗಬೇಕೆಂಬುದು ಏಳನೇ ತರಗತಿಯಿಂದ ನನ್ನ ತಲೆಯಲ್ಲಿತ್ತು. ಆದರೆ ನನ್ನ ಅಂಕಗಳು ಅಷ್ಟಕ್ಕಷ್ಟೇ. ನಟ್ಟಿಯ ಹೊತ್ತಿಗೆ ನಟ್ಟಿ, ಕೊಯ್ಲಿಗೆ ಕೊಯ್ಲು ಮಾಡಿಕೊಂಡು ಓದಿದವಳ ಅಂಕ ಅಷ್ಟೇ ಇರುತ್ತದೆ. ರಾಜ್ಯಮಟ್ಟದಲ್ಲಿ ಜಿಲ್ಲೆಗೆ ಆಡಿದ ಪ್ರಮಾಣಪತ್ರವಿದ್ದರೆ ಸೀಟು ಸಿಗುವ ದಾರಿ ಇತ್ತು. ಇಲ್ಲದಿದ್ದರೆ ಶಿರಸಿಯ ಬಟ್ಟೆ ಅಂಗಡಿ. ಅಮ್ಮನೂ ಸೋದರಮಾವನೂ ಸೇರಿ ಅಲ್ಲಿ ಮಾತಾಡಿ ಇಟ್ಟಿದ್ದರು, ಪರೀಕ್ಷೆ ಮುಗಿದ ಮರುದಿನದಿಂದ ಬಿಲ್ಲು ಬರೆಯುವ ಕೆಲಸ. ತಮ್ಮ ಕಾಲೇಜಿಗೆ ಸೇರುವವನಿದ್ದ, ಒಬ್ಬಳ ಸಂಬಳ ಮನೆಗೆ ಬೇಕಿತ್ತು. ಯಾರದ್ದೂ ತಪ್ಪಿಲ್ಲ. ನಾನು ಕೇಳಿಕೊಂಡೆ, ಡಿಸೆಂಬರಿನವರೆಗೆ ಬಿಡಿ, ಆಯ್ಕೆಯಾಗದಿದ್ದರೆ ಬಟ್ಟೆ ಅಂಗಡಿಗೆ ಮಾತಿಲ್ಲದೆ ಹೋಗುತ್ತೇನೆ ಎಂದು. ಅಮ್ಮ "ಮಾತು ಅಂದ್ರೆ ಮಾತು" ಎಂದಳು. ಆ ಮಾತಿಗೆ ಸೇರದೆ ಅಪ್ಪ ಹೊರಗೆ ಹೋಗಿ, ನಾನು ತಂದು ನಿಲ್ಲಿಸಿದ್ದ ಶ್ರೀಧರಣ್ಣನ ಬೈಕಿನ ಟೈರು ಒತ್ತಿ ನೋಡಿ, "ಇದೆಂತದೇ, ಹಣ್ಣಾದ ಹಲಸಿನಕಾಯಿ ಇದ್ದಂಗೆ ಉಂಟು," ಎಂದ.

ಬೈಕು ಹತ್ತಿದ ಮೊದಲ ದಿನವೇ ನನಗೆ ತಿಳಿಯಿತು, ಇದು ನನ್ನ ಮೈಗೆ ಹೊಂದಿಸಿದ್ದಲ್ಲ ಎಂದು. ಮುಂದಿನ ಶಾಕ್‌ಅಬ್ಸಾರ್ಬರಿನ ಗಾಳಿ ಶ್ರೀಧರಣ್ಣನ ತೂಕಕ್ಕೆ ತುಂಬಿದ್ದು. ನಾನು ಕೂತರೆ ಅದು ಕುಗ್ಗುತ್ತಲೇ ಇರಲಿಲ್ಲ, ಪ್ರತಿ ಕಲ್ಲೂ ನೇರ ಮಣಿಕಟ್ಟಿಗೆ ಹೊಡೆಯುತ್ತಿತ್ತು. ಅವರು ಗೋಡೆಗೆ ಒರಗಿ ನಿಂತುಕೊಂಡೇ ಹೇಳಿಕೊಟ್ಟರು. ಗಾಳಿ ಬಿಡುತ್ತಾ ಬಾ, ನೀನು ಹತ್ತಿ ನಿಂತಾಗ ಸ್ವಲ್ಪ ಒಳಗೆ ಕೂರಬೇಕು, ಪೂರ್ತಿ ಮುಳುಗಬಾರದು. ಹ್ಯಾಂಡಲ್ಲು ಅಗಲವಿತ್ತು, ಬೆಟ್ಟದ ಕಿರುದಾರಿಯಲ್ಲಿ ಮತ್ತಿ ಮರಗಳ ನಡುವೆ ತಾಗುತ್ತಿತ್ತು. ಕತ್ತರಿಸೋಣವೇ ಎಂದೆ. "ಕತ್ತರಿಸೂದು ಬೇಡ. ಅಗಲ ಇದ್ರೆ ಇಳುಕಲಿನಲ್ಲಿ ಹಿಡಿತ ಸಿಗ್ತದೆ. ನೀ ಮರ ನೋಡೂದು ಕಲಿ," ಎಂದರು. ಸೀಟನ್ನು ಏರಿಗೆ ಎತ್ತರಿಸಿ, ಇಳಿಯುವ ಮೊದಲು ತಗ್ಗಿಸಬೇಕಿತ್ತು. ಸ್ಪರ್ಧೆಯಲ್ಲಿ ನಿಂತು ತಗ್ಗಿಸಲು ಪುರಸೊತ್ತೆಲ್ಲಿ? ಎರಡಕ್ಕೂ ನಡುವಿನ ಒಂದು ಎತ್ತರ ಹುಡುಕಿ ಉಗುರುಬಣ್ಣದಲ್ಲಿ ಗೆರೆ ಎಳೆದುಕೊಂಡೆ.

ಬೂಟಿನ ವಿಷಯದಲ್ಲೂ ನಮಗೆ ಚರ್ಚೆಯಾಯಿತು. ಪೆಡಲ್ಲಿಗೆ ಕಚ್ಚಿಕೊಳ್ಳುವ ಬೂಟು ಅವರ ಹತ್ತಿರವಿತ್ತು, ನನಗೆ ದೊಡ್ಡದು. ಅದಕ್ಕಿಂತ ಹೆಚ್ಚಾಗಿ ನನಗೆ ಕಾಲು ಕಟ್ಟಿಹಾಕಿಕೊಳ್ಳಲು ಮನಸ್ಸಿರಲಿಲ್ಲ. ಕೆಸರಿನಲ್ಲಿ ಬೀಳುವವಳಿಗೆ ಕಾಲು ಬಿಡಿಯಾಗಿದ್ದರೆ ಒಳ್ಳೆಯದು. ಚಪ್ಪಟೆ ಪೆಡಲ್ಲು, ಕ್ಯಾನ್ವಾಸ್ ಬೂಟು, ಇಷ್ಟರಲ್ಲೇ ಮುಗಿಸಿದೆ.

ಎಲ್ಲಕ್ಕಿಂತ ಕಷ್ಟದ ಪಾಠ ಟೈರಿನ ಗಾಳಿ. ನಾನು ಬಾಳೆಗೊನೆಯ ಸೈಕಲ್ಲಿನ ಮನೆಯವಳು, ಗಾಳಿ ಬಿಡಲು ಕೈ ಬರುತ್ತಿರಲಿಲ್ಲ. ಆದರೆ ಗಟ್ಟಿ ಟೈರು ಒದ್ದೆ ಬೇರಿನ ಮೇಲೆ ಪುಟಿಯುತ್ತದೆ, ಪುಟಿದ ಮೇಲೆ ಎಲ್ಲಿಗೆ ಹೋಗುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಮೆತ್ತಗಿದ್ದರೆ ಬೇರನ್ನು ಅಪ್ಪಿಕೊಂಡು ದಾಟುತ್ತದೆ. ತೀರಾ ಮೆತ್ತಗಾದರೆ ಕಲ್ಲಿಗೆ ರಿಮ್ಮು ಬಡಿಯುತ್ತದೆ. ನಡುವಿನ ಆ ಹದ ನನ್ನ ಹೆಬ್ಬೆರಳಿಗೆ ಕೂರಲು ಒಂದಿಡೀ ಮಳೆಗಾಲ ಬೇಕಾಯಿತು.

ದಾರಿಗಳ ಕಷ್ಟವನ್ನು ಅಳೆಯಲು ನಾವಿಬ್ಬರೂ ನಮ್ಮದೇ ಒಂದು ಲೆಕ್ಕ ಮಾಡಿಕೊಂಡೆವು. ಯಾವ ಪ್ರಾಣಿ ಇಳಿಯಬಲ್ಲದೋ ಅದರ ಹೆಸರು. ಗಾಡಿರಸ್ತೆ ಅಗಲವಾಗಿ ಮೆಲ್ಲಗೆ ಇಳಿದರೆ ಎಮ್ಮೆ ದಾರಿ. ಕಾಲ್ದಾರಿಯಾಗಿ, ಅಲ್ಲಲ್ಲಿ ಕಲ್ಲು ಎದ್ದಿದ್ದರೆ ದನದ ದಾರಿ. ಬೇರು, ಕೊರಕಲು, ತಿರುವು ಮೂರೂ ಒಟ್ಟಿಗೆ ಬಂದರೆ ಹಂದಿ ದಾರಿ. ಅದಕ್ಕೂ ಮೇಲಿನದು ಮಂಗನ ದಾರಿ, ಅಲ್ಲಿ ಸೈಕಲ್ಲನ್ನು ಹೊತ್ತುಕೊಂಡು ಇಳಿಯುವುದೇ ಮರ್ಯಾದೆ. ಜುಲೈಯಲ್ಲಿ ದನದ ದಾರಿಯಲ್ಲೇ ಬೀಳುತ್ತಿದ್ದವಳು ಸೆಪ್ಟೆಂಬರಿನಲ್ಲಿ ಹಂದಿ ದಾರಿಯನ್ನು ಕಾಲೂರದೆ ಇಳಿದೆ. ರಕ್ತ ಹೀರುವ ಉಂಬಳ ಹತ್ತಿದ್ದು, ಮೊಣಕೈ ತರಚಿದ್ದು, ಬ್ರೇಕು ಕೆಸರು ತಿಂದು ಕಿರುಚಿದ್ದು ಎಲ್ಲ ಇದ್ದದ್ದೇ. ಸೊಪ್ಪು ಹೊರುವ ಹೆಂಗಸರು ನನ್ನನ್ನು ಕಂಡು ನಗುತ್ತಿದ್ದರು.

"ದಾರಿ ಇದ್ದಲ್ಲಿ ಓಡಿಸೂದು ಬಿಟ್ಟು ಬೇರಿನ ಮೇಲೆ ಯಂತಕ್ಕೆ ಹೋಗ್ತೆ ಮಾರಾಯ್ತಿ?" ಎಂದು ಕೇಳಿದ್ದಳು ಪಕ್ಕದ ಮನೆಯ ಬಂಗಾರಕ್ಕ, ತಲೆಯ ಮೇಲಿನ ಹೊರೆಯನ್ನು ಇಳಿಸದೆಯೇ.

"ಬೇರಿನ ಮೇಲೆ ಹೋದ್ರೆ ನೌಕರಿ ಸಿಕ್ತದಂತೆ."

"ಹಂಗಾದ್ರೆ ನಾವು ಇಷ್ಟೊತ್ತಿಗೆ ಕಲೆಕ್ಟ್ರೇ ಆಗ್ಬೇಕಿತ್ತು."

ದೀಪಾವಳಿ ಕಳೆದು ಮಣ್ಣು ಗಟ್ಟಿಯಾದ ಮೇಲೆ ನನ್ನ ಕಾಲುಗಳಿಗೇ ಧೈರ್ಯ ಬಂದಿತ್ತು. ಶ್ರೀಧರಣ್ಣ ನಾನು ಹೋಗಿ ಬರುವ ಹೊತ್ತನ್ನು ನೋಡುತ್ತಾ ಜಗಲಿಯಲ್ಲಿ ಕೂತಿರುತ್ತಿದ್ದರು. ಬೇಗ ಬಂದರೆ "ಹ್ಞೂಂ" ಎನ್ನುತ್ತಿದ್ದರು, ತಡವಾದರೆ ಎಲೆಯಡಿಕೆಯ ಕವಳ ಉಗುಳಲು ಎದ್ದು ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಿನ ಹೊಗಳಿಕೆ, ಬೈಗುಳ ಎರಡೂ ನನಗೆ ಬೇಕಿರಲಿಲ್ಲ.

ಡಿಸೆಂಬರಿನಲ್ಲಿ ಆಯ್ಕೆಗೆ ಅಪ್ಪನೂ ನನ್ನ ಜೊತೆ ಹೊರಟ. ಬೆನ್ನಿನ ಕಾರಣ ಶ್ರೀಧರಣ್ಣನಿಗೆ ಅಷ್ಟು ದೂರದ ಬಸ್ಸು ಆಗುತ್ತಿರಲಿಲ್ಲ. ಯಲ್ಲಾಪುರದಲ್ಲಿ ಹೆದ್ದಾರಿಯ ಹತ್ತಿರವೇ ಚಿಕ್ಕಮ್ಮನ ಮನೆ, ಹಿಂದಿನ ದಿನವೇ ಹೋಗಿ ಉಳಿದೆವು. ಮಧ್ಯಾಹ್ನ ದಾರಿ ನೋಡಲು ಬಿಟ್ಟರು. ಹಳೆಯ ಕೂಪಿನ ರಸ್ತೆ, ಕಾಡಿನಲ್ಲಿ ಕಡಿದ ಮರದ ನಾಟಾ ಸಾಗಿಸಲು ಲಾರಿ ಹೋಗುತ್ತಿದ್ದದ್ದು, ಅದರಲ್ಲಿ ಉದ್ದಕ್ಕೆ ಏರಬೇಕು. ಮೇಲೆ ಹೋದ ಮೇಲೆ ತೇಗದ ತೋಪು, ಅಲ್ಲಿಂದ ಕಿರುದಾರಿಯಲ್ಲಿ ಇಳುಕಲು. ಮೇಲಿನರ್ಧ ದನದ ದಾರಿ, ಕೆಳಗಿನರ್ಧ ಅಪ್ಪಟ ಹಂದಿ ದಾರಿ. ಬೇರುಗಳು ಮೆಟ್ಟಿಲಿನಂತೆ ಅಡ್ಡಡ್ಡ ಹಾದಿದ್ದವು. ಅವುಗಳ ಮೇಲೆ ತೇಗದ ಎಲೆ ಬಿದ್ದು, ಇಬ್ಬನಿಗೆ ನೆನೆದು, ಕೆಳಗೆ ಏನಿದೆಯೆಂದು ಕಾಣುತ್ತಿರಲಿಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು. ಇಂಥದ್ದರಲ್ಲೇ ಅಲ್ಲವೇ ನಾನು ಮಳೆಗಾಲ ಕಳೆದದ್ದು.

ಇಳುಕಲಿನ ಮೊದಲು ಮುಂಡಗೋಡ ಕಡೆಯ ಗಂಗಾ ಎಂಬ ಹುಡುಗಿ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದಳು. ಏರಿನಲ್ಲಿ ನನ್ನನ್ನು ಲೀಲಾಜಾಲವಾಗಿ ದಾಟಿ ಹೋದವಳು.

"ಅಕ್ಕಾ, ಈ ಬೇರು ನೋಡಿದ್ರ ನನ್ನ ಎದಿ ಝಲ್ ಅಂತೈತಿ. ನಮ್ಮ ಕಡೆ ರಸ್ತೆ ಅಂದ್ರ ರಸ್ತೆ ಇರ್ತೈತಿ ನೋಡು. ನೀ ಹೆಂಗ ಇಳೀತಿ?"

ನಾನು ಅವಳ ಟೈರು ಒತ್ತಿ ನೋಡಿದೆ. "ಗಾಳಿ ಬಿಡು. ಇಷ್ಟು ಗಟ್ಟಿ ಇದ್ರೆ ಎತ್ತಿ ಒಗೀತದೆ."

"ಬಿಟ್ರ ಪಂಚರ್ ಆಗಂಗಿಲ್ಲಾ?"

"ಆಗೂದಿಲ್ಲ. ಬ್ರೇಕು ಬೇರಿನ ಮೇಲೆ ಹಿಡೀಬೇಡ, ಬೇರಿಗಿಂತ ಮೊದ್ಲೇ ಹಿಡಿ. ನನ್ನ ಹಿಂದೇ ಬಾ."

ಬಂದಳು. ಬೀಳಲಿಲ್ಲ. ಸ್ಪರ್ಧೆಗೆ ಬಂದವಳಿಗೆ ಹೀಗೆ ಹೇಳಿಕೊಡಬೇಕಿತ್ತೇ ಎಂದು ಆಮೇಲೆ ನನ್ನನ್ನು ಕೇಳಿದವರಿದ್ದಾರೆ. ಬೀಳುವವಳನ್ನು ನೋಡುತ್ತಾ ನಿಲ್ಲುವುದು ನನಗೆ ಬರುವುದಿಲ್ಲ, ಈಗಲೂ ಬರುವುದಿಲ್ಲ.

ಸಂಜೆ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಕೂತು ಎರಡೂ ಟೈರಿನ ಗಾಳಿಯನ್ನು ಹದಕ್ಕೆ ತಂದೆ. ಅಪ್ಪ ಪಕ್ಕದಲ್ಲಿ ಚಿಕ್ಕಪ್ಪನ ಜೊತೆ ಬಾಳೆಕಾಯಿಯ ಧಾರಣೆ ಮಾತಾಡುತ್ತಿದ್ದ, ಇತ್ತ ನೋಡಿದಂತೆ ಕಾಣಲಿಲ್ಲ.

ಬೆಳಿಗ್ಗೆ ನಾನು ಎದ್ದಾಗ ಅಪ್ಪನೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಚಿಕ್ಕಮ್ಮ ದೋಸೆ ಹಾಕುತ್ತಾ, "ಭಾವ ಆಗ್ಲೇ ತಳ್ಕಂಡು ಹೋದ್ರು. 'ಅವ್ಳು ಕಾಲು ಹಗುರ ಇಟ್ಕಳ್ಲಿ, ಗಾಡಿ ಮೈದಾನಕ್ಕೆ ನಾ ಮುಟ್ಟಿಸ್ತೆ' ಅಂದ್ರು," ಎಂದಳು. ನನಗೆ ಕಣ್ಣು ತುಂಬಿ ಬಂತು. ಗೊನೆಯ ಸೈಕಲ್ಲನ್ನು ಜೀವಮಾನವಿಡೀ ತಳ್ಳಿದವನು ನನ್ನದನ್ನೂ ತಳ್ಳಿಕೊಂಡು ಹೋಗಿದ್ದ.

ಮೈದಾನದಲ್ಲಿ ಹೆಸರು ಬರೆಸುವ ಸಾಲು ಉದ್ದವಿತ್ತು. ಎದೆಗೆ ನಂಬರು ಕಟ್ಟಿಸಿಕೊಂಡು ಬರುವಷ್ಟರಲ್ಲಿ ಹುಡುಗಿಯರನ್ನು ಗೆರೆಯ ಹತ್ತಿರ ಕರೆಯುತ್ತಿದ್ದರು. ಅಪ್ಪ ಸೈಕಲ್ ಹಿಡಿದು ಅಲ್ಲೇ ನಿಂತಿದ್ದ, ಬಿಳಿ ಅಂಗಿ ಹಾಕಿಕೊಂಡಿದ್ದ. "ಹತ್ತು, ಹತ್ತು, ಎಲ್ಲ ಸರಿ ಮಾಡಿ ಇಟ್ಟಿದ್ದೆ," ಎಂದ. ಹತ್ತಿದೆ. ಸೀಟಿ ಊದಿದರು.

ನಾಲ್ಕು ಸುತ್ತು, ಮೊದಲ ಮೂವರಿಗೆ ತಂಡದಲ್ಲಿ ಜಾಗ. ಕೂಪಿನ ರಸ್ತೆಯ ಏರಿನಲ್ಲಿ ನನಗೇ ಆಶ್ಚರ್ಯ, ಸೈಕಲ್ಲು ಹಾರುತ್ತಿತ್ತು. ಒಬ್ಬೊಬ್ಬರನ್ನೇ ದಾಟಿದೆ. ಗಂಗಾ ಪಕ್ಕಕ್ಕೆ ಬಂದಾಗ ಏದುಸಿರಿನಲ್ಲೇ ಕೇಳಿದಳು, "ಏನಕ್ಕಾ, ಇವತ್ತ ಎಂಜಿನ್ ಹಚ್ಕೊಂಡು ಬಂದೀಯೇನು?" ನಾನು ನಕ್ಕೆ. ದೋಸೆಯ ಬಲ ಇರಬೇಕು, ಅಪ್ಪ ಸೈಕಲ್ ತಳ್ಳಿದ್ದರಿಂದ ಉಳಿದ ಬಲ ಇರಬೇಕು ಎಂದುಕೊಂಡೆ. ತೋಪಿನ ತಲೆಗೆ ಮುಟ್ಟಿದಾಗ ಎಲ್ಲರಿಗಿಂತ ಮುಂದಿದ್ದೆ.

ಮೊದಲ ಬೇರಿಗೆ ಹಿಂದಿನ ಚಕ್ರ ಪುಟಿಯಿತು. ಎರಡನೆಯದಕ್ಕೆ ಮುಂದಿನದು ಅಡ್ಡ ಜಾರಿತು. ಮೂರನೆಯದನ್ನು ನಾನು ನೋಡಲೇ ಇಲ್ಲ, ತೇಗದ ಎಲೆಗಳಲ್ಲಿ ಮುಖ ಅಡಿಯಾಗಿ ಬಿದ್ದಿದ್ದೆ.

ಎದ್ದು ಸೈಕಲ್ ಎತ್ತಿದೆ. ಅಭ್ಯಾಸಬಲದಿಂದ ಹೆಬ್ಬೆರಳು ಟೈರಿಗೆ ಹೋಯಿತು. ಟೈರು ಕಲ್ಲಿನ ಹಾಗಿತ್ತು, ಬೆರಳೇ ವಾಪಸ್ ಬಂತು. ಒಂದು ಗಳಿಗೆಯಲ್ಲಿ ಎಲ್ಲ ಗೊತ್ತಾಯಿತು, ಬೆಳಿಗ್ಗೆ ಅಷ್ಟು ಬೇಗ ಅಪ್ಪ ಎಲ್ಲಿಗೆ ಹೋಗಿದ್ದ, "ಎಲ್ಲ ಸರಿ ಮಾಡಿ" ಅಂದರೆ ಏನು. ಹೆದ್ದಾರಿಯಲ್ಲಿ ಲಾರಿಗಳ ಪಂಚರ್ ಅಂಗಡಿ ರಾತ್ರಿಯೂ ಮುಚ್ಚುವುದಿಲ್ಲ. ಅಲ್ಲಿಯ ಯಂತ್ರದ ಗಾಳಿ ಅದು.

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಅಲ್ಲೇ ಮೊಣಕಾಲೂರಿ ಕೂತು, ವಾಲ್ವಿನ ಮುಚ್ಚಳ ತಿರುಗಿಸಿ, ಒಂದು ಕಡ್ಡಿಯಿಂದ ಪಿನ್ನು ಒತ್ತಿ ಹಿಡಿದೆ. ಗಾಳಿ ಬುಸ್ಸೆಂದು ಹೊರಗೆ ಬಂತು, ಸೀಲೆಂಟಿನ ಹನಿಗಳೂ ಅದರ ಜೊತೆಗೆ ಮುಖಕ್ಕೆ ಸಿಡಿದವು. ಆಗ ಬಂದ ವಾಸನೆಯೇ ಕಳೆದ ತಿಂಗಳು ಅಂಗಡಿಯಲ್ಲಿ ಬಂದದ್ದು.

ಒಬ್ಬಳು ದಾಟಿ ಹೋದಳು. ಇನ್ನೊಬ್ಬಳು ಹೋದಳು. ಗಂಗಾ ಬಂದವಳು ನಿಧಾನಿಸಿ, "ಪಂಚರ್ ಏನಕ್ಕಾ?" ಎಂದಳು.

"ಅಲ್ಲ. ನೀ ಹೋಗು."

"ಪಂಪ್ ಬೇಕೇನು?"

"ಹೋಗೇ ಮಾರಾಯ್ತಿ, ನಿಲ್ಲಬೇಡ."

ಮುಂದಿನದು ಹದಕ್ಕೆ ಬಂದ ಮೇಲೆ ಹಿಂದಿನದು. ಅವಸರ ಮಾಡಿದರೆ ಹೆಚ್ಚು ಹೋಗುತ್ತಿತ್ತು, ಹಾಕಲು ನನ್ನ ಹತ್ತಿರ ಪಂಪು ಇರಲಿಲ್ಲ. ಒತ್ತುವುದು, ಬಿಡುವುದು, ಮತ್ತೆ ಒತ್ತಿ ನೋಡುವುದು. ನಾನು ಎದ್ದಾಗ ಆ ಇಳುಕಲಿನಲ್ಲಿ ನನ್ನ ಹಿಂದೆ ಯಾರೂ ಉಳಿದಿರಲಿಲ್ಲ.

ಆಮೇಲೆ ಓಡಿಸಿದ್ದನ್ನು ನಾನು ಹೇಗೆ ಹೇಳಲಿ? ಏರಿನಲ್ಲಿ ಮೆತ್ತಗಿನ ಟೈರು ನೆಲಕ್ಕೆ ಅಂಟುತ್ತದೆ, ಕಾಲು ಉರಿಯುತ್ತದೆ. ಇಳುಕಲಿನಲ್ಲಿ ಮಾತ್ರ ಸೈಕಲ್ಲು ನನ್ನ ಮಾತು ಕೇಳತೊಡಗಿತು. ಮುಂದಿನ ಪ್ರತಿ ಸುತ್ತಿನ ಇಳುಕಲಿನಲ್ಲೂ ಒಬ್ಬಿಬ್ಬರು ಸಿಕ್ಕರು. ಯಾರೋ ಬಿದ್ದಿದ್ದರು, ಯಾರೋ ಇಳಿದು ತಳ್ಳುತ್ತಿದ್ದರು. ಮೈದಾನದ ಹಗ್ಗದ ಹತ್ತಿರ ಅಪ್ಪ ನಿಂತಿದ್ದ. ಮೊದಲ ಸುತ್ತಿನಲ್ಲಿ ನಾನು ಕೊನೆಯವಳಾಗಿ ಬಂದಾಗ ಅವನ ಮುಖ ಸಣ್ಣದಾಗಿತ್ತು. ಮೈಯೆಲ್ಲ ಮಣ್ಣಾಗಿದ್ದನ್ನು ನೋಡಿ ಹಗ್ಗ ಹಿಡಿದುಕೊಂಡೇ ಜೊತೆಗೆ ಓಡಿದ.

"ವೇಣಿ, ಗಾಳಿ ಇದ್ಯನೇ?"

"ಇದೆ ಅಪ್ಪ."

ಸುಳ್ಳು ಹೇಳಲಿಲ್ಲ. ಬೇಕಾದಷ್ಟು ಇತ್ತು.

ಕೊನೆಯ ಸುತ್ತಿನಲ್ಲಿ ಬೇರುಗಳನ್ನು ಇಳಿದು ಬಯಲಿಗೆ ಬಂದಾಗ ನನ್ನ ಮುಂದೆ ಗಂಗಾ ಇದ್ದಳು. ಅವಳ ಹಿಂದಿನ ಚಕ್ರ ಎಸೆಯುವ ಮಣ್ಣು ನನ್ನ ತುಟಿಗೆ ತಾಗುವಷ್ಟು ಹತ್ತಿರ. ಸಪಾಟು ನೆಲದಲ್ಲಿ ಅವಳ ಕಾಲು ನನ್ನದಕ್ಕಿಂತ ಗಟ್ಟಿ. ನಾನು ಇದ್ದಬದ್ದ ಬಲವೆಲ್ಲ ಹಾಕಿದೆ. ಅವಳೂ ಹಾಕಿದಳು. ಗೆರೆ ದಾಟಿದಾಗ ಅವಳು ಮೂರನೆಯವಳು, ನಾನು ನಾಲ್ಕನೆಯವಳು.

ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ ನಾನೂ ಪಕ್ಕದಲ್ಲಿ ಕೂತೆ. ಅಪ್ಪ ನೀರಿನ ಬಾಟಲಿ ಹಿಡಿದು ಬಂದ. ಆಗ ಗಂಗಾ ಓಡಿಬಂದು ನನ್ನ ಕೊರಳು ತಬ್ಬಿಕೊಂಡು ಅತ್ತಳು. ಗೆದ್ದವಳು ಅಳುತ್ತಿದ್ದಳು, ನನಗೆ ಅಳು ಬಂದಿರಲಿಲ್ಲ.

"ಅಕ್ಕಾ, ನಿನ್ನೆ ನೀ ಗಾಳಿ ಬಿಡು ಅಂದಿದ್ದಕ್ಕ ನಾ ಬೀಳಲಿಲ್ಲ ನೋಡು. ಬ್ಯಾರೆದವ್ರ ಹಂಗ ಗಟ್ಟಿ ಇಟ್ಟಿದ್ರ ನನ್ನ ಹಲ್ಲು ಆ ಬೇರಿನಾಗ ಇರ್ತಿದ್ವು. ಮತ್ತ ನಂಗ ಹೇಳಿದಾಕಿ ನೀ ಯಾಕ ಅಷ್ಟ ಗಾಳಿ ತುಂಬಿಸಿಕೊಂಡು ಬಂದಿದ್ದಿ? ದಾರ್ಯಾಗ ಕೂತು ಬುಸ್ ಬುಸ್ ಅಂತ ಬಿಡಾಕತ್ತಿದ್ದಿ."

ನಾನು ಅವಳ ಕೈ ಒತ್ತಿದೆ, ಸುಮ್ಮನಿರು ಎಂದು. ತಡವಾಗಿತ್ತು. ಅಪ್ಪ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ ನಿಂತಿದ್ದ, ಅದು ಆಗಲೇ ಬಿಗಿಯಾಗಿತ್ತು.

"ಗಾಳಿ ಬಿಡ್ಬೇಕಿತ್ತಾ ವೇಣಿ?"

ಏನೋ ಒಂದು ಹೇಳಿ ತೇಲಿಸಬಹುದಿತ್ತು. ಆದರೆ ಅಪ್ಪ ಮಗುವಲ್ಲ, ಸುಳ್ಳು ಹೇಳಿ ಸಮಾಧಾನ ಮಾಡಿದರೆ ಅವನನ್ನು ಸಣ್ಣವನನ್ನಾಗಿ ಮಾಡಿದ ಹಾಗೆ.

"ಹೌದಪ್ಪ. ಇದಕ್ಕೆ ಕಮ್ಮಿ ಬೇಕು."

"ಬೆಳಿಗ್ಗೆ ಒತ್ತಿ ನೋಡ್ದೆ. ಮೆತ್ತಗಿತ್ತು. ರಾತ್ರಿ ಗಾಳಿ ಇಳಿದು ಹೋಗಿದೆ ಅಂದ್ಕಂಡೆ. ಅಂಗಡಿಯವ್ನೂ ಕೇಳ್ದ, ಇಷ್ಟು ಬೇಕಾ ಅಂತ. ಹಾಕು, ಮಗ್ಳ ರೇಸ್ ಅದೆ ಅಂದೆ." ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ನಿನ್ನ ಎಬ್ಬಿಸಿ ಕೇಳೂಕಾಗಿತ್ತು. ಮಲ್ಗಿಕೊಳ್ಲಿ ಅಂದ್ಕಂಡೆ," ಎಂದ.

ನಾನು ಮಾತಾಡುವ ಮೊದಲೇ ಅವನು ಮೈದಾನ ದಾಟಿ ಆಯ್ಕೆ ಮಾಡುವ ಕೋಚಿನ ಮೇಜಿನ ಹತ್ತಿರ ಹೋಗಿದ್ದ. ನಾನು ಹಿಂದೆಯೇ ಓಡಿದೆ. ಕೋಚು ಹುಬ್ಬಳ್ಳಿ ಕಡೆಯವರು, ದೊಡ್ಡ ದನಿ. ಅಪ್ಪ ಮೇಜಿನಿಂದ ಸ್ವಲ್ಪ ದೂರದಲ್ಲಿ ನಿಂತು, ಚಪ್ಪಲಿ ಬಿಟ್ಟು, ಕೈ ಕಟ್ಟಿಕೊಂಡಿದ್ದ.

"ಸಾರ್, ಅವಳ ತಪ್ಪಿಲ್ಲ. ಗಾಳಿ ಹಾಕಿಸಿದ್ದು ನಾನು. ಅವಳನ್ನ ಇನ್ನೊಂದು ಸಲ ಓಡಿಸಿ ನೋಡಿ."

ಕೋಚು ಎದ್ದು ನಿಂತರು. "ಮೊದಲ ಚಪ್ಪಲಿ ಹಾಕ್ಕೋರಿ ಯಜಮಾನ್ರ, ಬಿಸಲಾಗ ನೆಲ ಕಾದೈತಿ." ಆಮೇಲೆ ನಿಧಾನಕ್ಕೆ ಹೇಳಿದರು. "ಹಂಗ ಬರಂಗಿಲ್ಲರಿ. ಮೂರು ಅಂದ್ರ ಮೂರು. ನಿಮ್ಮ ಮಗಳಿಗೆ ಇನ್ನೊಮ್ಮೆ ಬಿಟ್ರ, ಚೈನು ಹರಕೊಂಡಾಕಿ ಬರ್ತಾಳ, ದಾರಿ ತಪ್ಪಿದಾಕಿ ಬರ್ತಾಳ. ನಾ ಯಾರಿಗೆ ಏನ್ ಹೇಳ್ಲಿ?"

ಅಪ್ಪ ತಲೆಯಾಡಿಸಿದ. ನ್ಯಾಯದ ಮಾತು ಅವನಿಗೆ ಯಾವಾಗಲೂ ಬೇಗ ತಿಳಿಯುತ್ತದೆ.

"ಆದ್ರ ಒಂದ ಮಾತು. ಎಲ್ಲಾರ ಹಿಂದ ಬಿದ್ದು, ಆ ಮ್ಯಾಲೆ ನಾಕನೇದಾಕಿ ಆಗಿ ಬಂದಾಳ. ಇಳುಕಲದಾಗ ಈಕಿಯಷ್ಟು ಚಲೋ ಇಳಿಯಾಕಿನ್ನ ನಾ ಇವತ್ತ ನೋಡಿಲ್ಲ. ಮುಂದಿನ ವರ್ಷ ಕರಕೊಂಡ ಬರ್ರಿ. ಮರೀಬ್ಯಾಡ್ರಿ."

ಮುಂದಿನ ವರ್ಷ ಎನ್ನುವುದು ಅವರ ಬಾಯಲ್ಲಿ ಸುಲಭದ ಮಾತು. ನಮ್ಮ ಮನೆಯಲ್ಲಿ ಅದು ಇರಲಿಲ್ಲ. ಮಾತು ಅಂದರೆ ಮಾತು ಎಂದು ಅಮ್ಮ ಹೇಳಿದ್ದಳು, ನಾನೂ ಒಪ್ಪಿದ್ದೆ. ಮಾತಿಗೆ ತಪ್ಪುವುದು ನನ್ನ ಯೋಚನೆಯಲ್ಲೂ ಇರಲಿಲ್ಲ.

ಶಿರಸಿ ಬಸ್ಸಿನ ಕಂಡಕ್ಟರು ಸೈಕಲ್ ನೋಡಿ ಮೊದಲು ಒಲ್ಲೆ ಎಂದ, ಆಮೇಲೆ ಮುಂದಿನ ಚಕ್ರ ಬಿಚ್ಚಿದರೆ ಹಿಂದಿನ ಸೀಟಿನ ಹತ್ತಿರ ಇಡಬಹುದು ಎಂದ. ಚಕ್ರವನ್ನು ಅಪ್ಪ ತೊಡೆಯ ಮೇಲೆ ಇಟ್ಟುಕೊಂಡ. ನಾನು ಕಿಟಕಿಯಿಂದ ಕಾಡು ನೋಡುತ್ತಾ, ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಹುಡುಗಿಯರು ನಿಂತೇ ಇರುತ್ತಾರೋ ಕೂರಲು ಬಿಡುತ್ತಾರೋ ಎಂದು ಯೋಚಿಸುತ್ತಿದ್ದೆ. ಬಿ.ಎ. ಮುಗಿಸುತ್ತೇನಲ್ಲ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಶಿರಸಿಯಲ್ಲಿ ಸಿದ್ದಾಪುರದ ಬಸ್ಸಿಗೆ ಕಾಯಬೇಕಿತ್ತು. ಅಪ್ಪ ಚಕ್ರವನ್ನು ನನ್ನ ಕೈಗೆ ಕೊಟ್ಟು, "ಇಲ್ಲೇ ಇರು, ಈಗ ಬಂದೆ," ಎಂದು ಹೋದ. ಚಹಾಕ್ಕೆ ಇರಬೇಕು ಎಂದುಕೊಂಡೆ. ಒಂದು ಬಸ್ಸು ಬಂದು ಹೋಯಿತು, ಅಪ್ಪ ಬರಲಿಲ್ಲ. ಎರಡನೆಯ ಬಸ್ಸು ಬಂದು ನಿಂತಾಗ ಜನರ ನಡುವೆ ಅವನ ಬಿಳಿ ಅಂಗಿ ಕಂಡಿತು, ಬೇಗ ಬೇಗ ನಡೆದು ಬರುತ್ತಿದ್ದ.

"ಎಲ್ಲಿಗೆ ಹೋಗಿದ್ದೆ ಅಪ್ಪ?"

"ಬಟ್ಟೆ ಅಂಗಡಿಗೆ. ನೀ ಬರೂದಿಲ್ಲ ಅಂತ ಹೇಳಿ ಬಂದೆ."

"ನಾನು ಮಾತು ಕೊಟ್ಟಿದ್ದೆ."

"ನೀ ಕೊಟ್ಟಿದ್ದೆ. ನಾ ಕೊಟ್ಟಿರ್ಲಿಲ್ಲ."

"ಮನೇಲಿ ಎಂತ ಹೇಳ್ತೆ?"

"ಅದು ನಂಗಿರ್ಲಿ. ಹತ್ತು, ಸೀಟು ಹೋಗ್ತದೆ."

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಮ್ಮ ಅಂಗಳದಲ್ಲೇ ನಿಂತಿದ್ದಳು, ಸೋದರಮಾವನೂ ಬಂದು ಜಗಲಿಯಲ್ಲಿ ಕೂತಿದ್ದ. ಯಾರೂ ಕೇಳುವ ಮೊದಲು, ಚಪ್ಪಲಿಯನ್ನೂ ಬಿಡದೆ, ಅಪ್ಪ ಹೇಳಿದ.

"ಆಗ್ಲಿಲ್ಲ. ಬರೋ ವರ್ಷ ವೇಣಿ ಮತ್ತೆ ಹೋಗ್ತಾಳೆ. ಅಲ್ಲಿಯವರೆಗೆ ಸಂಜೆ ಹೊತ್ತಿಗೂ ಒಂದು ಸಲ ಗೊನೆ ಒಯ್ತೆ ನಾನು."

ಮಾವ ಏನೋ ಹೇಳಲು ಬಾಯಿ ತೆರೆದು ಅಮ್ಮನ ಕಡೆ ನೋಡಿದ. ಅಮ್ಮ ನನ್ನ ಮುಖ ನೋಡಿದಳು, ಮಣ್ಣು ಮೆತ್ತಿದ ಬಟ್ಟೆ ನೋಡಿದಳು, ಆಮೇಲೆ ಅಪ್ಪನನ್ನು ಬಹಳ ಹೊತ್ತು ನೋಡಿದಳು. "ಅದೇ ಬಟ್ಟೇಲಿ ಒಳಗೆ ಬರ್ಬೇಡ," ಎಂದು ನನಗೆ ಹೇಳಿ, ಬಚ್ಚಲಿಗೆ ಹೋಗಿ ನನ್ನ ಸ್ನಾನಕ್ಕೆಂದು ಹಂಡೆಯ ಕೆಳಗಿನ ಕಟ್ಟಿಗೆಯನ್ನು ಒಳಗೆ ದೂಡಿದಳು.